ಜಾಣಗಿವುಡು

ಮೊದಲ ರಾತ್ರಿ, ಸ್ನೇರ್ ಡ್ರಮ್ಮಿಗೆ ಯಾರೋ
ಕಂಬಳಿ ಹೊದಿಸಿದ್ದಾರೆ ಅಂದುಕೊಂಡೆ.
ಕೈಯಾಡಿಸಿ ನೋಡಿದೆ. ಬರಿಯ ಡ್ರಮ್ಮು.
ಕಂಬಳಿ ಇದ್ದದ್ದು ಕಿವಿಯಲ್ಲಿ,
ನನ್ನದೇ ಅಳತೆಗೆ ಹೊಲಿಸಿದ್ದು.

ತಾಂಪೆರೆಯ ಕಿವಿಡಾಕ್ಟರು ಹನ್ನೆಲೆ ವೂರಿಯೊ
ತಣ್ಣನೆಯ ಗುಲಾಬಿ ಹಿಟ್ಟನ್ನು ಪಿಚಕಾರಿಯಿಂದ ತುಂಬಿ
‘ಐದು ನಿಮಿಷ ಬಾಯಿ ಆಡಿಸಬೇಡ’ ಅಂದಿದ್ದಳು.
ಗೋಡೆಯ ಮೇಲೆ ಒಳಗಿವಿಯ ಚಿತ್ರ, ಥೇಟು ಬಸವನಹುಳು.
ಅದರೊಳಗೆ ಕೂದಲುಗಳಿವೆಯಂತೆ, ಎಳೆ ಗರಿಕೆಯ ಹಾಗೆ.
ತುಳಿದರೆ ಬಾಗುತ್ತವೆ, ಏಳುತ್ತವೆ,
ಬಾಗುತ್ತವೆ, ಏಳುತ್ತವೆ,
ಬಾಗುತ್ತವೆ.
ಮೂವತ್ತೊಂದು ಬೇಸಿಗೆ ತುಳಿದವಳು ನಾನು.

ಸರೋವರದ ದಡದಲ್ಲಿ ಮರದ ನೃತ್ಯಮಂಟಪ,
ಶನಿವಾರ, ರಾತ್ರಿ ಹತ್ತಾದರೂ ಮುಳುಗಲೊಲ್ಲದ ಸೂರ್ಯ.
ಟ್ಯಾಂಗೊ, ಹುಂಪ್ಪ, ವಾಲ್ಟ್ಸ್, ಮತ್ತೆ ಟ್ಯಾಂಗೊ.
ವಿಧವೆಯರು, ಮದುವೆ ಮುರಿದವರು,
ಸೊಳ್ಳೆ ಹೊಡೆಯುತ್ತಲೇ ಹೆಜ್ಜೆ ಹಾಕುವ ನಿವೃತ್ತ ಪೋಸ್ಟ್‌ಮ್ಯಾನ್.
ಅಷ್ಟೂ ಕಾಲುಗಳಿಗೆ ನಾನೇ ಗಡಿಯಾರ.

ಗಡಿಯಾರ ಈಗ ನೀರಿಗೆ ಬಿದ್ದಿತ್ತು.
ಸಿಂಬಲ್ಲಿನ ಅಂಚಿಂದ ಉದುರುತ್ತಿದ್ದ ಬೆಳ್ಳಿಪುಡಿ ಎಲ್ಲಿ?
ಕ್ಯುಲ್ಲಿಕ್ಕಿಯ ಅಕಾರ್ಡಿಯನ್
ಪಕ್ಕದ ಮನೆಯವರ ರೇಡಿಯೊ.
ಜೋರಾಗಿ ಕೇಳುತ್ತಿದ್ದದ್ದು ನಾನೊಬ್ಬಳೇ:
ಉಗುಳು ನುಂಗಿದ್ದು, ದವಡೆಯ ಕೀಲು,
ಯುಕ್ಸಿ, ಕಕ್ಸಿ, ಕೊಲ್ಮೆ ಎಂದು ಎಣಿಸುವ ದನಿ
ಗುಡಾಣದೊಳಗೆ ಸಿಕ್ಕಿಬಿದ್ದವರ ಹಾಗೆ.

ಕೇಳಿಸಲಿಲ್ಲವೆಂದು ಇನ್ನಷ್ಟು ಬಾರಿಸಿದೆ.
ಕಿವುಡನ ಮುಂದೆ ಕಿನ್ನರಿ, ಸರಿ,
ಕಿವುಡಿಯ ಕೈಗೇ ಕಿನ್ನರಿ ಕೊಟ್ಟರೆ?
ಎರಡು ಕೋಲು ಮುರಿದವು. ಮಣಿಕಟ್ಟು ಊದಿತು.
ಬಾಸ್ ನುಡಿಸುವ ತೈಸ್ತೊ ವಾಲ್ಟ್ಸಿನ ನಡುವೆ ತಿರುಗಿ
ಒಂದು ಹುಬ್ಬು ಎತ್ತಿದ.
ಇಪ್ಪತ್ತು ವರ್ಷದಲ್ಲಿ ಅವನೆತ್ತಿದ ಮೂರನೆಯ ಹುಬ್ಬು ಅದು.

ಬಿಡುವಿನಲ್ಲಿ ಕಿತ್ತು ಜೇಬಿಗೆ ತುರುಕಿದೆ.
ಲೋಕ ಬತ್ತಲೆಯಾಗಿ ಓಡಿಬಂತು,
ಕಾಫಿಲೋಟ, ಹಲಗೆಯ ಮೇಲೆ ಹಿಮ್ಮಡಿ, ಯಾರದೋ ನಗು,
ಅದರ ಬೆನ್ನಿಗೇ ಎಡಗಿವಿಯ ಜೀರುಂಡೆ.
ಹೋದ ಜನವರಿ, ಮೈನಸ್ ಇಪ್ಪತ್ತಾರರಲ್ಲಿ,
ಒಂದು ಹುಳುವೂ ಬದುಕಿರದ ರಾತ್ರಿ
ಒಳಬಂದು ಕೂತದ್ದು, ಎದ್ದಿಲ್ಲ.
ಮತ್ತೆ ಹಾಕಿಕೊಂಡೆ.

ಮನೆಯಲ್ಲೂ ಹಾಕಿಕೊಂಡೇ ಪಾತ್ರೆ ತೊಳೆದೆ.
ರೈ ರೊಟ್ಟಿ ಕಡಿದರೆ ಕಾಡಿಗೆ ಕಾಡೇ ಉರುಳಿದ ಸದ್ದು.
ಒಂದನ್ನು ನಾಯಿ ಎತ್ತಿಕೊಂಡು ಸೋಫಾದಡಿ ಓಡಿತು.
ನೂರ ನಲವತ್ತು ಯೂರೋ, ಹೊಟ್ಟೆಯ ಮೇಲೆ ತೆವಳಿದೆ.

ಅಮ್ಮ ಗಿರಣಿಯಲ್ಲಿ ನೇಯುತ್ತಿದ್ದಳು.
(ಅದೇ ಕೆಂಪು ಇಟ್ಟಿಗೆಯ ಒಳಗೆ ಈಗ ಪಿಜ್ಜಾ, ಸಿನಿಮಾ.)
ನಾನೂರು ಮಗ್ಗ ಒಟ್ಟಿಗೆ ಬಡಿಯುವಲ್ಲಿ
ಹತ್ತಿಯ ಕಸವನ್ನೇ ಕಿವಿಗೆ ಗಿಡಿದು
ತುಟಿಯಲ್ಲೇ ಹರಟುತ್ತಿದ್ದರು ಹೆಂಗಸರು.
ಮನೆಗೆ ಬಂದರೂ ಅದೇ. ಊಟಕ್ಕೆ ಕರೆಯುವಾಗ
ದನಿಯಿಲ್ಲ, ಬಾಯಿ ಮಾತ್ರ ಅಗಲ.
ನಾನು ಮೇಜು ಬಡಿದು ಓಗೊಡುತ್ತಿದ್ದೆ,
ಮರ ಅವಳ ಮೊಣಕೈಗೆ ಹೇಳುತ್ತಿತ್ತು.

ಇದನ್ನು ಹೇಗೆ ಮರೆತೆನೋ.

ಜುಲೈ ಕೊನೆಗೆ ಹೊಡೆತ ತಾನೇ ಇಳಿಯಿತು.
ಬಾಸಿನ ತಂತಿ ಸ್ಟೂಲಿನಿಂದ ಬೆನ್ನುಹುರಿಗೆ ಹತ್ತಿತು.
ಸದ್ದಿನ ನೊರೆ ಸರಿದಲ್ಲಿ
ಚಪ್ಪಲಿ ಹಲಗೆಯನ್ನು ಸವರುವುದು ಕೇಳಿತು,
ಟ್ಯಾಂಗೊಗೆ ಮುನ್ನ ಕ್ಯುಲ್ಲಿಕ್ಕಿ ಎಳೆದ ಉಸಿರು,
ಅವಳದೋ, ಅಕಾರ್ಡಿಯನ್ನಿನದೋ.
ಬೆಳ್ಳಿಪುಡಿ ಮಾತ್ರ ವಾಪಸು ಬರಲಿಲ್ಲ.
ಬರುತ್ತದೆಂದು ಡಾಕ್ಟರೂ ಹೇಳಿರಲಿಲ್ಲ.

ಆಗಸ್ಟಿನ ಕೊನೆಯ ಕುಣಿತ. ವೈರು ಸುತ್ತುತ್ತ ತೈಸ್ತೊ
ನನ್ನತ್ತ ತಿರುಗಿ ಏನೋ ಅಂದ.
ಕಿವಿಯಲ್ಲಿ ಇನ್ನೂ ಬಿರಡೆಗಳಿದ್ದವು.
ತುಟಿ ಓದಿದೆ: ‘ಚೆನ್ನಾಗಿತ್ತು.’

‘ಏನು? ಕೇಳಿಸಲಿಲ್ಲ’ ಅಂದೆ.
ಪಾಪ, ವೈರು ಕೆಳಗಿಟ್ಟು,
ಇನ್ನೊಂದು ಸಲ ಹೇಳಿದ.